80 ಮೀಟರ್ ಹಳ್ಳದ ಮೇಲೆ ಅಡಿಕೆ ಚೀಲ ಸಾಗಿಸುವ ವೈರ್ ರೋಪ್: ಎಷ್ಟು ಜೋಲು ಬಿಡಬೇಕು?

ಹಳ್ಳದಾಚೆ ತೋಟ

ತೋಟಕ್ಕೂ ಮನೆಗೂ ನಡುವೆ ಹಳ್ಳ. ಕಂಬದಿಂದ ಕಂಬಕ್ಕೆ ಅಡ್ಡ ಅಂತರ 80 ಮೀಟರ್. ತೋಟದ ಕಡೆಯ ದಂಡೆ ಮನೆ ಕಡೆಗಿಂತ 6 ಮೀಟರ್ ಎತ್ತರ. ಅಡಿಕೆ ಕೊನೆ (ಗೊನೆ) ಕೊಯ್ಲಿನ ಹೊತ್ತಿಗೆ ಚೀಲಗಳನ್ನು ರೋಪಿನ ಮೇಲೆ ಈಚೆಗೆ ಇಳಿಸಬೇಕು. ಒಂದು ಸಲಕ್ಕೆ ಒಂದೇ ಚೀಲ, ಹೆಚ್ಚೆಂದರೆ 65 ಕೆಜಿ. ರಾಟೆ, ಕೊಕ್ಕೆ, ಎಳೆಯುವ ಹಗ್ಗ ಎಲ್ಲ ಸೇರಿ 15 ಕೆಜಿ ಹಿಡಿಯಿರಿ.

ತಂದಿರುವುದು 10 ಎಂಎಂ ವೈರ್ ರೋಪ್, 6×19 (19 ತಂತಿಯ 6 ಎಳೆ), ನಡುವೆ ನಾರಿನ ತಿರುಳು. ಟ್ರ್ಯಾಕ್ಟರ್ ಕಟ್ಟಿ ನೆಟ್ಟಗೆ ಬರುವವರೆಗೆ ಎಳೆದುಬಿಡಿ, ಜೋಲೇ ಇರಬಾರದು ಅನ್ನುತ್ತಾರೆ ಊರಿನವರು. ಅಂಗಡಿಯಲ್ಲಿ 12 ಎಂಎಂ ಹಾಕಿ ಅಂದರು.

ಕೇಳಬೇಕಾದ್ದು ಇಷ್ಟು: ಖಾಲಿ ರೋಪಿಗೆ ಎಷ್ಟು ಜೋಲು ಬಿಡಬೇಕು, ಚೀಲ ನಡುವೆ ಬಂದಾಗ ಎಳೆತ ಎಷ್ಟಾಗುತ್ತದೆ, ಬುಡಕ್ಕೆ ಎಷ್ಟು ಕಾಂಕ್ರೀಟ್ ಬೇಕು? ಚೀಲ ತನ್ನಷ್ಟಕ್ಕೆ ಮನೆವರೆಗೆ ಜಾರಿ ಬರುತ್ತದಾ?

ಲೆಕ್ಕದ ಶಾಸ್ತ್ರಿ

ಮೊದಲು ಟ್ರ್ಯಾಕ್ಟರ್ ಬದಿಗಿಡಿ. ಜೋಲೇ ಇಲ್ಲದ ರೋಪ್ ಅಂತ ಒಂದು ಇಲ್ಲ. ಅಡ್ಡ ಇರುವ ಹಗ್ಗ ಕೆಳಗಿನ ಭಾರವನ್ನು ಹೊರುವುದೇ ತನ್ನ ಓರೆಯಿಂದ. ಓರೆ ಅರ್ಧವಾದರೆ ಎಳೆತ ಎರಡರಷ್ಟಾಗುತ್ತದೆ, ಓರೆ ಸೊನ್ನೆ ಬೇಕೆಂದರೆ ಎಳೆತಕ್ಕೆ ಮಿತಿಯೇ ಇರುವುದಿಲ್ಲ.

ಎಳೆತವನ್ನೂ ಕೆಜಿಯಲ್ಲೇ ಹೇಳುತ್ತೇನೆ. ನ್ಯೂಟನ್ ಬೇಕಾದವರು 9.81ರಿಂದ ಗುಣಿಸಿಕೊಳ್ಳಿ. ಭಾರ ನಟ್ಟನಡುವೆ ಇದ್ದಾಗ:

ಎಳೆತ = (ಮೀಟರ್ ತೂಕ × ಅಂತರ² ÷ 8 + ಭಾರ × ಅಂತರ ÷ 4) ÷ ಜೋಲು

ನಿಮ್ಮ 10 ಎಂಎಂ ರೋಪ್ ಮೀಟರಿಗೆ ಸುಮಾರು 0.35 ಕೆಜಿ. ಆವರಣದ ಮೊದಲ ಭಾಗ 0.35 × 6400 ÷ 8 = 280. ಎರಡನೆಯದು 80 × 80 ÷ 4 = 1600. ಒಟ್ಟು 1880. ಚೀಲ ಇದ್ದಾಗಿನ ಜೋಲು 4 ಮೀಟರ್ ಆದರೆ ಎಳೆತ 470 ಕೆಜಿ, 2 ಮೀಟರ್ ಆದರೆ 940, 1 ಮೀಟರ್ ಆದರೆ 1880. ಇದು ಅಡ್ಡ ದಿಕ್ಕಿನ ಎಳೆತ. ತುದಿಯಲ್ಲಿ ರೋಪಿನ ಉದ್ದಕ್ಕೆ ಬರುವ ಎಳೆತ ಇದಕ್ಕಿಂತ ಒಂದೆರಡು ಶೇಕಡಾ ಹೆಚ್ಚು ಅಷ್ಟೆ. ಇಲ್ಲಿ ಅದರ ಚಿಂತೆ ಬೇಡ.

ಜೋಲನ್ನು ಎಲ್ಲಿಂದ ಅಳೆಯಬೇಕು ಅನ್ನುವುದು ಮುಖ್ಯ. ತುದಿಗಳು ಒಂದೇ ಮಟ್ಟದಲ್ಲಿ ಇಲ್ಲ. ಎರಡು ತುದಿಗಳ ನಡುವೆ ಒಂದು ನೇರ ಗೆರೆ ಕಲ್ಪಿಸಿಕೊಂಡು, ಅದರ ಮಧ್ಯದಿಂದ ರೋಪಿನವರೆಗೆ ನೆಟ್ಟಗೆ ಕೆಳಗೆ ಅಳೆಯಿರಿ. ಹಾಗೆ ಅಳೆದರೆ ಮೇಲಿನ ಸೂತ್ರವನ್ನು ಬದಲಿಸಬೇಕಾಗಿಲ್ಲ. ರೋಪಿನ ತೀರಾ ತಗ್ಗಿನ ಜಾಗದಿಂದ ಅಳೆಯಲು ಹೋದರೆ ಕೆಡುತ್ತೀರಿ. 1.6 ಮೀಟರ್ ಜೋಲಿನ ನಿಮ್ಮ ಖಾಲಿ ರೋಪಿನ ತಗ್ಗು ಮನೆ ಕಂಬದಿಂದ ಬರೀ 2.5 ಮೀಟರ್ ದೂರದಲ್ಲಿರುತ್ತದೆ, ನಡುವೆ ಅಲ್ಲ.

ಈಗ ಎಲ್ಲರೂ ಎಡವುವ ಜಾಗ. ಖಾಲಿ ಇದ್ದಾಗ ಬಿಟ್ಟ ಜೋಲು ಚೀಲ ಹಾಕಿದ ಮೇಲೆ ಅಷ್ಟೇ ಇರುವುದಿಲ್ಲ. ರೋಪ್ ಹಿಗ್ಗುತ್ತದೆ, ಆಕಾರವೂ ಬದಲಾಗುತ್ತದೆ. ಹಾಗಾಗಿ ಉದ್ದದ ಲೆಕ್ಕ ಕೂಡಿಸಬೇಕು.

ಖಾಲಿ ಜೋಲು 1.6 ಮೀಟರ್, ಅಂದರೆ ಅಂತರದ ಶೇ. 2, ಅಂತ ಇಟ್ಟುಕೊಳ್ಳೋಣ. ಖಾಲಿ ಎಳೆತ 280 ÷ 1.6 = 175 ಕೆಜಿ. ನೇರ ಗೆರೆಗಿಂತ ರೋಪ್ ಎಷ್ಟು ಉದ್ದ? 8 × ಜೋಲು² ÷ (3 × ಅಂತರ) = 0.085 ಮೀಟರ್. ಎಂಬತ್ತು ಮೀಟರಿಗೆ ಎಂಟೂವರೆ ಸೆಂಟಿಮೀಟರ್! ರೋಪನ್ನು ಟೇಪಿನಲ್ಲಿ ಅಳೆದು ಕತ್ತರಿಸಿ ಜೋಲು ಕೂರಿಸುತ್ತೇನೆ ಅನ್ನುವುದು ಆಗದ ಮಾತು, ಅದಕ್ಕೇ.

ಚೀಲ ನಡುವೆ ಬಂದಾಗಿನ ಆಕಾರಕ್ಕೆ ಬೇಕಾಗುವ ಹೆಚ್ಚುವರಿ ಉದ್ದ:

ಅಂತರ × (ರೋ² + 3 × ರೋ × ಭಾ + 3 × ಭಾ²) ÷ (24 × ಎಳೆತ²)

ಇಲ್ಲಿ ರೋ ಅಂದರೆ ರೋಪಿನ ಒಟ್ಟು ತೂಕ, 28 ಕೆಜಿ. ಭಾ ಅಂದರೆ 80 ಕೆಜಿ. ಆವರಣದೊಳಗಿನದು 26,704. ಬೇಕಾದ ಉದ್ದ 89,013 ÷ ಎಳೆತ² ಮೀಟರ್ ಆಯಿತು.

ಕೈಯಲ್ಲಿರುವ ಉದ್ದ ಎಂದರೆ ಮೊದಲಿನ 0.085 ಮತ್ತು ಹಿಗ್ಗಿದ್ದು. 10 ಎಂಎಂ ರೋಪಿನ ಉಕ್ಕಿನ ಅಡ್ಡಕೊಯ್ತ ಸುಮಾರು 36 ಚದರ ಎಂಎಂ. ಸ್ವಲ್ಪ ಬಳಸಿ ಪಳಗಿದ ನಾರಿನ ತಿರುಳಿನ ರೋಪಿಗೆ ಚದರ ಎಂಎಂಗೆ 9,000 ಕೆಜಿ ಸ್ಥಿತಿಸ್ಥಾಪಕತೆ ಹಿಡಿಯಬಹುದು. ಗಟ್ಟಿ ಸರಳಿನ 20,000 ಚಿಲ್ಲರೆ ಅಂಕಿ ಇಲ್ಲಿ ಹಾಕಬೇಡಿ, ಹೆಣೆದ ಹಗ್ಗ ಅದಕ್ಕಿಂತ ಬಹಳ ಮೆತ್ತಗೆ. 36 × 9,000 = 3,24,000. ಹಿಗ್ಗು = 80 × (ಎಳೆತ − 175) ÷ 3,24,000.

ಎರಡೂ ಸರಿಹೊಂದುವ ಎಳೆತವನ್ನು ಊಹಿಸಿ ಊಹಿಸಿ ಹಿಡಿಯಿರಿ. 500 ಅಂದರೆ ಬೇಕಾದ್ದು 35.6 ಸೆಂ.ಮೀ., ಇರುವುದು 16.6. ಸಾಲದು, ಎಳೆತ ಇನ್ನೂ ಏರಬೇಕು. 800 ಅಂದರೆ ಬೇಕಾದ್ದು 13.9, ಇರುವುದು 24. ಈಗ ಮಿಕ್ಕಿತು. 660ಕ್ಕೆ 20.4 ಮತ್ತು 20.5, ಸರಿಹೋಯಿತು.

ಎಳೆತ 660 ಕೆಜಿ, ಜೋಲು 1880 ÷ 660 = 2.85 ಮೀಟರ್. ಖಾಲಿ ಇದ್ದಾಗಿನ 1.6 ಮೀಟರಿನ ಜೋಲು ಚೀಲ ಬಂದಾಗ 2.85 ಆಗುತ್ತದೆ, ಎಳೆತ 175ರಿಂದ 660ಕ್ಕೆ ಹೋಗುತ್ತದೆ. ಹಿಗ್ಗನ್ನು ಬಿಟ್ಟು ಬರೀ ಆಕಾರದ ಮೇಲೆ ಲೆಕ್ಕ ಹಾಕಿದ್ದರೆ 1,020 ಬರುತ್ತಿತ್ತು.

1770 ದರ್ಜೆಯ (ಚದರ ಎಂಎಂಗೆ 1770 ನ್ಯೂಟನ್ ತಡೆಯುವ) ತಂತಿಯಾಗಿದ್ದರೆ ಈ ರೋಪ್ ಹರಿಯುವುದು ಸುಮಾರು 5,500 ಕೆಜಿಗೆ. ರೋಪಿನ ಜತೆ ಬಂದ ಪ್ರಮಾಣಪತ್ರದಲ್ಲಿ ಅಂಕಿ ಇರುತ್ತದೆ, ಅದನ್ನೇ ನಂಬಿ. ತುದಿಗೆ ಯು ಕ್ಲಾಂಪ್ ಹಾಕಿದರೆ ಶೇ. 80 ಮಾತ್ರ ಲೆಕ್ಕಕ್ಕೆ, 4,400. ಅದನ್ನು 660ರಿಂದ ಭಾಗಿಸಿದರೆ 6.7 ಪಟ್ಟು. ಸರಕಿಗೆ 5 ಸಾಕು. ನಿಮ್ಮ 10 ಎಂಎಂ ರೋಪೇ ಸಾಕು.

ಗದ್ದೆಬದಿ

ಶಾಸ್ತ್ರಿಗಳೇ, ಲೆಕ್ಕ ಎಲ್ಲ ಸರಿ. ಆದರೆ ಹೊಸ ರೋಪ್ ಎರಡು ದಿನಕ್ಕೆ ಜೋತು ಬೀಳುತ್ತದೆ. ಅದಕ್ಕೇ ಜನ ಟ್ರ್ಯಾಕ್ಟರಿನಲ್ಲಿ ಬಿಗಿಯಾಗಿ ಎಳೆಯುವುದು. ಮೊದಲೇ ಎಳೆದಿಟ್ಟರೆ ಆಮೇಲೆ ಸರಿಯಾಗಿ ಕೂರುತ್ತದೆ ಅಲ್ವಾ ಮಾರಾಯ್ರೆ?

ಲೆಕ್ಕದ ಶಾಸ್ತ್ರಿ

ಜೋತು ಬೀಳುವುದು ನಿಜ. ಎಳೆಗಳು ಒಂದರೊಳಗೊಂದು ಕೂತು, ತಿರುಳು ಅಮುಕಿ, ಹೊಸ ರೋಪ್ ಮರಳಿ ಬಾರದಂತೆ ಉದ್ದವಾಗುತ್ತದೆ. ಶೇ. 0.25 ಅಂತ ಕಡಿಮೆಯೇ ಹಿಡಿಯಿರಿ. 80 ಮೀಟರಿಗೆ 20 ಸೆಂ.ಮೀ. ಆಯಿತು. ಮೇಲಿನ ಲೆಕ್ಕಕ್ಕೆ ಅದನ್ನು ಸೇರಿಸಿದರೆ ಖಾಲಿ ಜೋಲು 1.6ರಿಂದ 2.8 ಮೀಟರಿಗೆ ಇಳಿಯುತ್ತದೆ. ನಾರಿನ ತಿರುಳಿನ ರೋಪ್ ಇದಕ್ಕಿಂತ ಹೆಚ್ಚೂ ಹಿಗ್ಗಬಹುದು.

ಮದ್ದು ಮಾತ್ರ ಟ್ರ್ಯಾಕ್ಟರ್ ಅಲ್ಲ. ಖಾಲಿ ರೋಪನ್ನು 1,500 ಕೆಜಿಗೆ ಎಳೆದಿರಿ ಅನ್ನಿ, ಟ್ರ್ಯಾಕ್ಟರಿಗೆ ಅದೇನೂ ದೊಡ್ಡದಲ್ಲ. ಆಗಲೂ ಜೋಲು 19 ಸೆಂ.ಮೀ. ಇದ್ದೇ ಇರುತ್ತದೆ, ದೂರದಿಂದ ನೋಡಿದರೆ ನೆಟ್ಟಗೆ ಕಾಣುತ್ತದೆ ಅಷ್ಟೆ. ಅದರ ಮೇಲೆ ಚೀಲ ಹಾಕಿದರೆ 1,630 ಕೆಜಿ. ಕ್ಲಾಂಪ್ ಲೆಕ್ಕ ಕಳೆದರೆ 2.7 ಪಟ್ಟು ಮಾತ್ರ ಉಳಿಯಿತು. ಮೊದಲು ಬಿಡುವುದು ರೋಪಲ್ಲ, ಬುಡ ಕೀಳುತ್ತದೆ. ಹಗಲಿರುಳೂ ಒಂದೂವರೆ ಟನ್ ಎಳೆತ ಕಂಬಕ್ಕೆ ಯಾಕೆ?

ಮಾಡಬೇಕಾದ್ದು ಹೀಗೆ. ಮೊದಲ ದಿನ 1.6 ಮೀಟರಿಗೆ ಕೂರಿಸಿ. 80 ಕೆಜಿ ಮರಳಿನ ಚೀಲವನ್ನು 20, 30 ಸಲ ಆಚೀಚೆ ಓಡಿಸಿ. ಒಂದು ರಾತ್ರಿ ನಡುವೆ ನಿಲ್ಲಿಸಿ. ಬೆಳಗ್ಗೆ ಚೀಲ ತೆಗೆದು ಮತ್ತೆ 1.6ಕ್ಕೆ ಬಿಗಿಮಾಡಿ. ವಾರದ ನಂತರ ಇನ್ನೊಮ್ಮೆ, ತಿಂಗಳಿಗೆ ಮತ್ತೊಮ್ಮೆ. ಟರ್ನ್‌ಬಕಲ್ (ತಿರುಗಿಸಿ ಬಿಗಿಮಾಡುವ ಕೊಂಡಿ) ಒಂದನ್ನೇ ನೆಚ್ಚಿಕೊಂಡರೆ ತಿರುಪು ಮುಗಿದುಹೋಗುತ್ತದೆ. ಮೊದಲೆರಡು ಸಲ ಚೈನ್ ಪುಲ್ಲಿಯಿಂದ ಎಳೆದು ಕ್ಲಾಂಪ್ ಸರಿಸಿ, ಆಮೇಲಿನ ಸಣ್ಣ ತಿದ್ದುಪಡಿಗೆ ಮಾತ್ರ ಟರ್ನ್‌ಬಕಲ್. ಟರ್ನ್‌ಬಕಲ್ಲಿನ ಎರಡೂ ತುದಿಗೆ ಮುಚ್ಚಿದ ಬಳೆ ಇರಲಿ, ತೆರೆದ ಕೊಕ್ಕೆ ಬೇಡ. ತಂತಿ ಸುತ್ತಿ ಭದ್ರ ಮಾಡಿ. ಇಲ್ಲದಿದ್ದರೆ ರೋಪ್ ತಿರುಚುವಾಗ ಅದೂ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಹಳ್ಳದಾಚೆ ತೋಟ

ತುಂಬ ಉಪಕಾರ ಸರ್. ಎರಡು ಸಂಶಯ. 12 ಎಂಎಂ ಹಾಕಿದರೆ ಜೋಲು ಕಡಿಮೆ ಆಗುವುದಿಲ್ಲವಾ? ಮತ್ತೆ ಚಳಿಗೆ ರೋಪ್ ಕುಗ್ಗಿ ಹರಿಯುತ್ತದೆ ಅಂತ ಒಬ್ಬರು ಹೆದರಿಸಿದರು.

ಲೆಕ್ಕದ ಶಾಸ್ತ್ರಿ

12 ಎಂಎಂ ಮೀಟರಿಗೆ ಅರ್ಧ ಕೆಜಿ. ಅದೇ 1.6 ಮೀಟರ್ ಖಾಲಿ ಜೋಲಿಗೆ ಎಳೆತ 250 ಕೆಜಿ, ಚೀಲ ಬಂದಾಗ 763, ಜೋಲು 2.62. ಜೋಲಿನಲ್ಲಿ ಉಳಿತಾಯವಾದದ್ದು ಒಂದು ಗೇಣು, ಬುಡಕ್ಕೆ ನೂರು ಕೆಜಿ ಎಳೆತ ಹೆಚ್ಚಾಯಿತು. ಸವೆತ, ತುಕ್ಕಿಗೆ ದಪ್ಪ ರೋಪ್ ಹೆಚ್ಚು ತಡೆಯುತ್ತದೆ, ಅದೊಂದು ಲಾಭ. ಜೋಲು ಕಮ್ಮಿಯಾಗಲಿ ಅಂತ ಕೊಳ್ಳಬೇಡಿ. ಆ ದುಡ್ಡಿಗೆ ಸತುವಿನ ಲೇಪ ಇರುವ, ಉಕ್ಕಿನ ತಿರುಳಿನ 10 ಎಂಎಂ ಕೇಳಿ. ನಾರಿನ ತಿರುಳು ಮಲೆನಾಡಿನ ಮಳೆಯಲ್ಲಿ ನೀರು ಕುಡಿದು ಒಳಗಿನಿಂದ ತುಕ್ಕು ಹಿಡಿಸುತ್ತದೆ, ಹೊರಗೆ ಗ್ರೀಸ್ ಮಿಂಚುತ್ತಲೇ ಇರುತ್ತದೆ. ಈಗಾಗಲೇ ತಂದಾಗಿದೆ ಅಂದರೆ ಬಳಸಿ, ಆದರೆ ಮಳೆಗಾಲ ಕಳೆದ ಮೇಲೆ ಪ್ರತಿವರ್ಷ ಒಂದೆರಡು ಕಡೆ ಮೊಳೆ ತೂರಿಸಿ ಎಳೆ ಬಿಡಿಸಿ ಒಳಗೆ ನೋಡಿ.

ಚಳಿಯ ವಿಷಯ. ಉಕ್ಕು ಒಂದು ಡಿಗ್ರಿಗೆ ಮೀಟರಿಗೆ 0.012 ಎಂಎಂ ಕುಗ್ಗುತ್ತದೆ. 35 ಡಿಗ್ರಿ ಬಿಸಿಲಲ್ಲಿ 1.6ಕ್ಕೆ ಕೂರಿಸಿದ್ದು 12 ಡಿಗ್ರಿಯ ಬೆಳಗಿನ ಜಾವ 1.43 ಆಗುತ್ತದೆ. ಚೀಲ ಇದ್ದಾಗಿನ ಎಳೆತ 660 ಇದ್ದದ್ದು 686. ಹರಿಯುವ ಮಾತೇ ಇಲ್ಲ. ಇಷ್ಟು ಜೋಲು ಇದ್ದರೆ ಚಳಿ ಏನೂ ಮಾಡುವುದಿಲ್ಲ. ಜೋಲು ಇಲ್ಲದ ಹಾಗೆ ಎಳೆದವರಿಗೇ ಚಳಿಯ ಭಯ.

ಕಪ್ಪಿರಾಟೆ

ಚೀಲ ತಾನಾಗಿ ಜಾರುತ್ತದಾ ಅಂತ ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಜಾರುತ್ತದೆ, ಆದರೆ ಮನೆಗೆ ಬಂದು ಮುಟ್ಟುವುದಿಲ್ಲ.

6 ಮೀಟರ್ ಇಳಿಜಾರು ಇದ್ದರೂ ರೋಪ್ ಚೀಲದ ಕೆಳಗೆ ತಗ್ಗುತ್ತದೆ. ಮನೆ ಕಂಬದ ಹತ್ತಿರ ಬಂದಾಗ ಚೀಲ ಗುಂಡಿಯಿಂದ ಮೇಲೆ ಹತ್ತಬೇಕು. ಎಳೆತ ಎಲ್ಲ ಕಡೆ 660 ಅಂತ ಹಿಡಿದು ಹಾಕಿದರೆ ತೀರಾ ತಗ್ಗಿನ ಜಾಗ ಮನೆ ಕಂಬದಿಂದ 19 ಮೀಟರ್ ಬರುತ್ತದೆ. ಆದರೆ ಭಾರ ಬದಿಗೆ ಸರಿದಂತೆ ಎಳೆತ ಇಳಿಯುತ್ತದೆ. ಅದನ್ನೂ ಸೇರಿಸಿದರೆ ಎಳೆತ ಅಲ್ಲಿ ಸುಮಾರು 545, ತಗ್ಗು ಇರುವುದು ಮನೆ ಕಂಬದಿಂದ 14 ಮೀಟರ್ ದೂರದಲ್ಲಿ, ರಾಟೆ ಮನೆ ತುದಿಯ ಮಟ್ಟಕ್ಕಿಂತ ಸುಮಾರು 0.95 ಮೀಟರ್ ಕೆಳಗೆ. ಚೀಲ ಓಲಾಡಿ ಓಲಾಡಿ ಕಡೆಗೆ ನಿಲ್ಲುವುದು ಅಲ್ಲೇ.

ಇದರಿಂದ ಎರಡು ವಿಷಯ ತಿಳಿಯಬೇಕು. ಒಂದು, ಎತ್ತರ. ರಾಟೆಯ ಕೆಳಗೆ ಕೊಕ್ಕೆ, ಚೀಲ ಸೇರಿ 1.2 ಮೀಟರ್ ಇಳಿಬಿದ್ದಿರುತ್ತದೆ. ಅಂದರೆ ಚೀಲದ ತಳ ಮನೆ ತುದಿಗಿಂತ 2.15 ಮೀಟರ್ ಕೆಳಗೆ. ಮನೆ ಕಂಬದಲ್ಲಿ ರೋಪ್ ಕಟ್ಟುವ ಮಟ್ಟ, ಆ 14 ಮೀಟರ್ ಜಾಗದ ನೆಲಕ್ಕಿಂತ ಅಥವಾ ಆಟಿಯ (ಆಷಾಢದ) ನೆರೆಯ ಗುರುತಿಗಿಂತ, ಯಾವುದು ಎತ್ತರವೋ ಅದಕ್ಕಿಂತ 3 ಮೀಟರ್ ಆದರೂ ಮೇಲಿರಲಿ.

ಎರಡು, ವೇಗ. ಮೇಲಿನಿಂದ ಬಿಟ್ಟುಬಿಟ್ಟರೆ, ತಿಕ್ಕಾಟ ಇಲ್ಲ ಅಂತ ಹಿಡಿದರೆ ತಗ್ಗಿಗೆ ಬರುವಾಗ ಗಂಟೆಗೆ 42 ಕಿ.ಮೀ. ಆಗುತ್ತದೆ. ಒಳ್ಳೆ ಬೇರಿಂಗ್ ಹಾಕಿದ ರಾಟೆ ಅದರ ಹತ್ತಿರಕ್ಕೇ ಹೋಗುತ್ತದೆ. 65 ಕೆಜಿ ಚೀಲ ಆ ವೇಗದಲ್ಲಿ ಕಂಬಕ್ಕೆ ಬಡಿದರೆ ಏನಾಗುತ್ತದೆ ಅಂತ ಬರೆಯಬೇಕಾಗಿಲ್ಲ. ಹಾಗಾಗಿ ಎರಡೂ ಕಡೆಗೆ ಹೋಗುವ ಎಳೆಹಗ್ಗ ಬೇಕೇ ಬೇಕು. ಮೇಲಿನವರು ಒಂದು ಗೂಟಕ್ಕೆ ಎರಡು ಸುತ್ತು ಹಾಕಿ ಹಗ್ಗ ಬಿಡುತ್ತಾ ಬರಲಿ, ಕೊನೆಯ 14 ಮೀಟರ್ ಮನೆ ಕಡೆಯವರು ಎಳೆದುಕೊಳ್ಳಲಿ.

ಪೂರ್ತಿ ತಾನಾಗೇ ಬರಬೇಕು ಅಂತ ಹಟ ಹಿಡಿದರೆ ಚೀಲ ಇದ್ದಾಗಿನ ಜೋಲು 1.5 ಮೀಟರಿಗಿಂತ ಕಡಿಮೆ ಇರಬೇಕು. ಎಳೆತ 1,250 ದಾಟುತ್ತದೆ. ಅಷ್ಟಕ್ಕೆ ಹೋಗುವುದಕ್ಕಿಂತ ಒಬ್ಬ ಆಳು ಕೆಳಗೆ ನಿಲ್ಲುವುದೇ ಮೇಲು.

ರಾಟೆ ಒಂದೇ ಚಕ್ರದ್ದು ಬೇಡ. ಹಿಂದೆ ಮುಂದೆ ಎರಡು ಚಕ್ರ ಇರುವುದನ್ನು ತನ್ನಿ. ಭಾರ ಹಂಚಿಹೋಗುತ್ತದೆ, ಚಕ್ರದ ಕೆಳಗೆ ರೋಪ್ ಮುರಿದ ಹಾಗೆ ಬಾಗುವುದಿಲ್ಲ. ತಂತಿ ತುಂಡಾಗುವುದು ಎಳೆತಕ್ಕಿಂತ ಹೆಚ್ಚಾಗಿ ಈ ಬಾಗಿನಿಂದ.

ಕಟ್ಟಡ ಮೇಸ್ತ್ರಿ

ಬುಡದ ಲೆಕ್ಕ ನಾನು ಹೇಳುತ್ತೇನೆ.

ಕಂಬದ ತಲೆಯ ಮೇಲೆ ರಾಟೆ ಕೂರಿಸಿ, ರೋಪನ್ನು ಅದರ ಮೇಲಿನಿಂದ ಹಿಂದಕ್ಕೆ 45 ಡಿಗ್ರಿಯಲ್ಲಿ ನೆಲದ ಬುಡಕ್ಕೆ (ರೋಪಿನ ತುದಿ ಕಟ್ಟುವ ಕಾಂಕ್ರೀಟ್ ದಿಮ್ಮಿಗೆ) ಇಳಿಸುತ್ತೀರಿ ಅಂತ ಹಿಡಿಯೋಣ. ಎರಡೂ ಕಡೆ ಎಳೆತ 660. ಹಳ್ಳದ ಕಡೆಗೆ ಅಡ್ಡ 660, ಹಿಂದಕ್ಕೆ ಅಡ್ಡ 467 ಮಾತ್ರ. ಉಳಿದ 193 ಕೆಜಿ ಕಂಬದ ತಲೆಯನ್ನು ಹಳ್ಳದ ಕಡೆಗೆ ಬಗ್ಗಿಸುತ್ತಲೇ ಇರುತ್ತದೆ. ಬಹಳ ಜನ ಎರಡೂ ಕಡೆ ಸಮ ಅಂದುಕೊಂಡು ಸಪೂರ ಪೈಪ್ ನಿಲ್ಲಿಸುತ್ತಾರೆ, ಮೊದಲ ಮಳೆಗೆ ವಾಲುತ್ತದೆ. ಒಂದೋ ಕಂಬದ ಬುಡ ಗಟ್ಟಿ ಮಾಡಿ, ಇಲ್ಲ ಕಂಬಕ್ಕೆ ಬೇರೆಯೇ ಹಿಂಗಟ್ಟು (ತಲೆಯಿಂದ ಹಿಂದಕ್ಕೆ ಎಳೆದು ಕಟ್ಟುವ ರೋಪ್) ಹಾಕಿ. ಹಿಂಗಟ್ಟು ಕೋನ ನೆಲಕ್ಕೆ ಹತ್ತಿರವಾದಷ್ಟೂ ಒಳ್ಳೆಯದು, ಜಾಗ ಇದ್ದರೆ 30 ಡಿಗ್ರಿಗೆ ಇಳಿಸಿ.

ನೆಲದ ಬುಡಕ್ಕೆ 467 ಅಡ್ಡ, 467 ಮೇಲಕ್ಕೆ. 1 ಮೀಟರ್ ಉದ್ದ ಅಗಲ ಎತ್ತರದ ಕಾಂಕ್ರೀಟ್ 2,400 ಕೆಜಿ. ಮೇಲಕ್ಕೆ ಎತ್ತುವ 467 ಕಳೆದರೆ 1,933. ಒಣ ಮಣ್ಣಿನಲ್ಲಿ ಅದರ 0.4 ಭಾಗ, 773 ಕೆಜಿ ತಿಕ್ಕಾಟ. 467ಕ್ಕೆ ಹೋಲಿಸಿದರೆ 1.65 ಪಟ್ಟು. ನೆನೆದ ಜಂಬಿಟ್ಟಿಗೆ ಅದೇ 0.3ಕ್ಕೆ ಇಳಿದರೆ 1.24. ಬುಡ ನೀರಲ್ಲಿ ಮುಳುಗಿದರೆ ಕಾಂಕ್ರೀಟಿನ ತೂಕವೇ 1,400 ಆಗಿಬಿಡುತ್ತದೆ. ಆಗ ತಿಕ್ಕಾಟ 280, ಎಳೆತ 467. ಬುಡ ಜಾರುತ್ತದೆ. ಆದ್ದರಿಂದ ನೆಲದ ಮೇಲೆ ಕೂರಿಸದೆ ಪೂರ್ತಿ ಹೂಳಿ, ಹಳ್ಳದ ಕಡೆಯ ಮುಖ ಅಗೆಯದ ಗಟ್ಟಿ ಮಣ್ಣಿಗೆ ಒತ್ತಿರಲಿ. ಮುಂದೆ ಸಡಿಲ ಮಣ್ಣು ತುಂಬಿದರೆ ಹೂತೂ ಪ್ರಯೋಜನ ಇಲ್ಲ. ಮಳೆನೀರು ಬದಿಗೆ ಹೋಗಲು ಒಂದು ಕಾದಿಗೆ (ಚರಂಡಿ) ತೆಗೆಯಿರಿ. ಬುಡ 3 ಸೆಂ.ಮೀ. ಜರುಗಿದರೂ ನಿಮ್ಮ 1.6 ಮೀಟರ್ ಜೋಲು 1.85ರ ಹತ್ತಿರ ಹೋಗುತ್ತದೆ. ಹಾಗಾಗಿ ಜೋಲು ಕಾರಣವಿಲ್ಲದೆ ಹೆಚ್ಚಿದರೆ ಮೊದಲು ರೋಪ್ ಬಿಗಿಮಾಡಲು ಹೋಗಬೇಡಿ, ಬುಡದ ಹಿಂದೆ ಮಣ್ಣು ಬಿರುಕು ಬಿಟ್ಟಿದೆಯಾ ನೋಡಿ.

ಮರಕ್ಕೆ ಕಟ್ಟುವ ಯೋಚನೆ ಇದ್ದರೆ, ಗಾಳಿಗೆ ಮರ ತೂಗಿದರೆ ಅಷ್ಟೇ ಸೆಂಟಿಮೀಟರ್ ಆಚೀಚೆ ಆಗುತ್ತದೆ. ಅದರ ಮೇಲೆ ಇಷ್ಟೆಲ್ಲ ಲೆಕ್ಕ ವ್ಯರ್ಥ.

ಕ್ಲಾಂಪ್: 10 ಎಂಎಂಗೆ 4 ಹಾಕಿ, 6 ಸೆಂ.ಮೀ.ಗೆ ಒಂದು. ಮಡಿಕೆಯೊಳಗೆ ಥಿಂಬಲ್ (ರೋಪ್ ಕೂರುವ ಲೋಹದ ಬಳೆ) ಇರಲಿ. ತಟ್ಟೆಯ ಭಾಗ ಎಳೆತ ಹೊರುವ ರೋಪಿನ ಮೇಲೆ, ಯು ಬೋಲ್ಟಿನ ಬಾಗು ಮಡಿಸಿದ ಬಾಲದ ಮೇಲೆ. ಒಂದು ಹೀಗೆ ಒಂದು ಹಾಗೆ ಹಾಕಿದರೆ ಯು ಬೋಲ್ಟ್ ಭಾರ ಹೊರುವ ಎಳೆಗಳನ್ನೇ ಅಮುಕಿ ಗಾಯ ಮಾಡುತ್ತದೆ. ಮೊದಲ ಭಾರ ಹಾಕಿದ ಮೇಲೆ ನಟ್ಟುಗಳನ್ನು ಮತ್ತೆ ಬಿಗಿಮಾಡಿ. ಎಳೆತಕ್ಕೆ ರೋಪ್ ತೆಳುವಾಗುತ್ತದೆ, ನಟ್ಟು ತಾನಾಗೇ ಸಡಿಲ.

ಗದ್ದೆಬದಿ

ಒಪ್ಪಿದೆ. ಟ್ರ್ಯಾಕ್ಟರ್ ಉಳುಮೆಗೇ ಇರಲಿ. ಆದರೆ ಹಳ್ಳದ ನಡುವೆ ಹೋಗಿ 1.6 ಮೀಟರ್ ಅಳೆಯುವುದು ಯಾರು? ಎಳೆತ ಅಳೆಯುವ ಮಾಪಕ ನಮ್ಮಲ್ಲಿ ಯಾರ ಹತ್ತಿರವೂ ಇಲ್ಲ.

ಕಪ್ಪಿರಾಟೆ

ಎರಡೂ ಬೇಡ, ಮೊಬೈಲಿನ ಸ್ಟಾಪ್‌ವಾಚ್ ಸಾಕು.

ರಾಟೆ, ಎಳೆಹಗ್ಗ ಎಲ್ಲ ತೆಗೆದು ರೋಪ್ ಖಾಲಿ ಮಾಡಿ. ತುದಿಯ ಹತ್ತಿರ ಕೋಲಿನಿಂದ ಒಂದು ಸಲ ಚಟ್ಟನೆ ಹೊಡೆದು ಅದೇ ಕ್ಷಣ ವಾಚ್ ಶುರು ಮಾಡಿ. ಆ ಅಲೆ ಆಚೆ ತುದಿಗೆ ಹೋಗಿ ವಾಪಸು ಬರುತ್ತದೆ, ರೋಪಿನ ಮೇಲೆ ಬೆರಳಿಟ್ಟರೆ ಮಿಡಿತ ಗೊತ್ತಾಗುತ್ತದೆ. ಐದನೇ ಸಲ ವಾಪಸು ಬಂದಾಗ ನಿಲ್ಲಿಸಿ. ಸಮಯವನ್ನು 5ರಿಂದ ಭಾಗಿಸಿ, ವರ್ಗ ಮಾಡಿ, 0.307ರಿಂದ ಗುಣಿಸಿ. ಬಂದದ್ದು ಮೀಟರಿನಲ್ಲಿ ಜೋಲು.

1.6 ಮೀಟರಿಗೆ ಐದು ಸುತ್ತು 11.4 ಸೆಕೆಂಡ್. 8 ಸೆಕೆಂಡಿಗೇ ಮುಗಿದರೆ ಜೋಲು 0.79 ಮಾತ್ರ, ಬಿಗಿ ಜಾಸ್ತಿ. 15 ಸೆಕೆಂಡ್ ಆದರೆ 2.76, ಸಡಿಲ. ರೋಪಿನ ದಪ್ಪ, ಅಂತರ ಯಾವುದೂ ಈ ಸೂತ್ರಕ್ಕೆ ಬೇಡ. ಉದ್ದ ಹೆಚ್ಚಾದರೆ ಅಲೆಗೆ ದಾರಿಯೂ ಹೆಚ್ಚು, ಜೋಲೂ ಹೆಚ್ಚು, ಒಂದಕ್ಕೊಂದು ಸರಿಹೋಗುತ್ತದೆ. ಕರೆಂಟ್ ತಂತಿ ಎಳೆಯುವವರು ಬಳಸುವುದೂ ಇದನ್ನೇ. ಗಾಳಿ ಇರುವಾಗ ಮಾಡಬೇಡಿ. ಮೂರು ಸಲ ಮಾಡಿ, ಮೂರೂ ಹತ್ತಿರ ಬಂದರೆ ನಂಬಿ.

ಸಂಶಯ ಇದ್ದರೆ ಕಣ್ಣಳತೆಯಿಂದ ತಾಳೆ ನೋಡಿ. ಎರಡೂ ಕಂಬದಲ್ಲಿ ರೋಪ್ ಕಟ್ಟಿದ ಜಾಗದಿಂದ 1.6 ಮೀಟರ್ ಕೆಳಗೆ ಬಿಳಿ ಪಟ್ಟಿ ಕಟ್ಟಿ. ಒಂದು ಪಟ್ಟಿಯ ಮಟ್ಟಕ್ಕೆ ಕಣ್ಣಿಟ್ಟು ಇನ್ನೊಂದನ್ನು ನೋಡಿದಾಗ ರೋಪ್ ಆ ಗೆರೆಯನ್ನು ತಾಗಿದರೆ ಸರಿ. ತುದಿಗಳು ಮೇಲೆ ಕೆಳಗೆ ಇದ್ದರೂ ಇದು ನಡೆಯುತ್ತದೆ.

ಹಳ್ಳದಾಚೆ ತೋಟ

ಮನೆ ಕಂಬ ಒಂದೂವರೆ ಮೀಟರ್ ಎತ್ತರಿಸಬೇಕಾಗಿದೆ, ನೆರೆ ಗುರುತು ನೋಡಿ ಬಂದೆ. ಆಗ ರೋಪಿನ ಎರಡು ತುದಿಗಳ ಎತ್ತರದ ವ್ಯತ್ಯಾಸ 4.5 ಮೀಟರ್ ಆಗುತ್ತದೆ. ಎಳೆತ ಬದಲಾಗುತ್ತದಾ? ಮತ್ತೆ ಇನ್ನೊಂದು, ಆಳುಗಳು ಚೀಲದ ಜತೆ ತಾವೂ ಕೂತು ಬರುತ್ತೇವೆ ಅನ್ನುತ್ತಿದ್ದಾರೆ.

ಲೆಕ್ಕದ ಶಾಸ್ತ್ರಿ

ಎಳೆತ ಹೆಚ್ಚುಕಮ್ಮಿ ಅಷ್ಟೇ. 660ರಲ್ಲಿ ಗಮನಿಸುವಂಥ ವ್ಯತ್ಯಾಸ ಬರುವುದಿಲ್ಲ. ತಗ್ಗಿನ ಜಾಗ ಮಾತ್ರ ಹಳ್ಳದ ನಡುವಿನ ಕಡೆಗೆ ಸರಿಯುತ್ತದೆ, ಮನೆ ಕಡೆಯವರು ಇನ್ನೂ ಕೆಲವು ಮೀಟರ್ ಹೆಚ್ಚು ಎಳೆಯಬೇಕು. ಕಂಬ ಎತ್ತರಿಸಿದ್ದರಿಂದ ಕಂಬದ ಬುಡದ ಮೇಲಿನ ಬಾಗು ಹೆಚ್ಚುತ್ತದೆ, ಮೇಸ್ತ್ರಿಗಳು ಹೇಳಿದ ಹಿಂಗಟ್ಟು ಮರೆಯಬೇಡಿ.

ಆಳುಗಳು ಕೂರುವ ವಿಷಯಕ್ಕೆ ಬೇಡ ಅನ್ನುವುದೊಂದೇ ಉತ್ತರ. ಭಾರ 150 ಕೆಜಿಗೆ ಹೋಗುತ್ತದೆ ಅನ್ನುವುದು ಸಣ್ಣ ಮಾತು. ಈ ಏರ್ಪಾಟಿನಲ್ಲಿ ಒಂದೇ ರೋಪ್, ಒಂದೇ ಎಳೆಹಗ್ಗ. ಒಂದು ಕ್ಲಾಂಪ್ ಜಾರಿದರೆ ತಡೆಯಲು ಎರಡನೆಯದು ಯಾವುದೂ ಇಲ್ಲ. ಜನ ದಾಟಬೇಕಿದ್ದರೆ ಕಾಲುಸಂಕವೇ ಬೇಕು. ಸುಳ್ಯದ ಗಿರೀಶ ಭಾರದ್ವಾಜರು ಕಟ್ಟಿದಂಥ ತೂಗುಸೇತುವೆಯಲ್ಲಿ ಭಾರ ಹಾಸಿನ ಉದ್ದಕ್ಕೂ ಹರಡಿ, ಒಂದಕ್ಕಿಂತ ಹೆಚ್ಚು ರೋಪುಗಳ ಮೇಲೆ ಹೋಗುತ್ತದೆ. ಅದರ ಲೆಕ್ಕವೇ ಬೇರೆ, ಅದಕ್ಕೆ ಎಂಜಿನಿಯರ್ ಸಹಿ ಬೇಕು. ಎರಡೂ ಕಂಬಕ್ಕೆ "ಸರಕು ಮಾತ್ರ, 65 ಕೆಜಿ" ಅಂತ ಬರೆದು ಹಾಕಿ. ಕೆಲಸ ಇಲ್ಲದ ದಿನ ರಾಟೆಯನ್ನು ಕಳಚಿ ಮನೆಯೊಳಗಿಡಿ, ಮಕ್ಕಳ ಕೈಗೆ ಸಿಗಬಾರದು.

ರೋಪ್ ಹಾಯುವ ದಾರಿಯಲ್ಲಿ ಕರೆಂಟ್ ಲೈನ್ ಇದೆಯಾ ಅಂತ ನೀವು ಹೇಳಿಲ್ಲ. ಇದ್ದರೆ ಎಳೆಯುವ ಮೊದಲೇ ಇಲ್ಲಿ ತಿಳಿಸಿ. ಚೈನ್ ಪುಲ್ಲಿ ಜಾರಿದಾಗ ರೋಪ್ ಚಾಟಿಯಂತೆ ಮೇಲಕ್ಕೂ ಹಾರುತ್ತದೆ.